ಧ್ವನಿವರ್ಧಕವೂ ಕೋಣೆಯೂ

ನಮ್ಮ ತಂದೆಯವರು ಎಪ್ಪತ್ತು ದಾಟಿದವರು. ಸಂಜೆ ದೀಪ ಹಚ್ಚಿದ ಮೇಲೆ ಒಂದು ಗಂಟೆಯ ಕಾಲ ಹಳೆಯ ಕಚೇರಿಗಳ ಧ್ವನಿಮುದ್ರಣಗಳನ್ನು ಕೇಳುವುದು ಅವರ ಬಹುಕಾಲದ ಅಭ್ಯಾಸ. ಮೂರು ವರ್ಷಗಳ ಕೆಳಗೆ ನಾವು ಹೆಂಚಿನ ಮಾಡಿನ ಹಳೆಯ ಬಾಡಿಗೆಮನೆಯನ್ನು ಬಿಟ್ಟು ತಾರಸಿಯ ಹೊಸ ಮನೆಗೆ ಬಂದೆವು. ಆ ಉತ್ಸಾಹದಲ್ಲಿ ಎರಡು ತಿಂಗಳ ಸಂಬಳವನ್ನು ಸುರಿದು ಒಳ್ಳೆಯ ಸ್ಟೀರಿಯೋ ಉಪಕರಣವೊಂದನ್ನು ಕೊಂಡು ತಂದೆವು. ಅದರ ಎರಡು ಧ್ವನಿವರ್ಧಕಗಳನ್ನು ನಡುಮನೆಯ ಸಜ್ಜದ ಮೇಲೆ, ಎರಡು ಮೂಲೆಗಳಲ್ಲಿ ಏರಿಸಿ, ತಂದೆಯವರ ಕುರ್ಚಿಯನ್ನು ಎದುರಿನ ಗೋಡೆಗೆ ತಾಗಿಸಿ ಹಾಕಿದೆವು. ಓಡಾಡಲು ಸ್ಥಳವೂ ಉಳಿಯಿತು, ಮಕ್ಕಳ ಕೈಗೆ ಉಪಕರಣವೂ ಸಿಗದಂತಾಯಿತು.

ಕೆಲವು ವಾರ ಕಳೆಯುವುದರೊಳಗೆ ತಂದೆಯವರು, “ಹಾಡು ಕೇಳಿಸುತ್ತದೆಯಪ್ಪ, ಸಾಹಿತ್ಯ ಕೇಳಿಸುವುದಿಲ್ಲ. ಎಲ್ಲವೂ ಗುಂಯ್ ಎನ್ನುತ್ತದೆ” ಎಂದರು. ಕಿವಿಯ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಅವರು ಪರೀಕ್ಷಿಸಿ, ವಯಸ್ಸಿಗೆ ಸಹಜವಾದ ಅಲ್ಪಸ್ವಲ್ಪ ಕೊರತೆಯಿದೆ, ಅಷ್ಟೇ ಎಂದರು. ಉಪಕರಣವನ್ನು ಮಾರಿದ ಅಂಗಡಿಯವರು ಇನ್ನೂ ಹೆಚ್ಚಿನ ಬೆಲೆಯ ವರ್ಧಕವನ್ನು ಕೊಳ್ಳುವಂತೆ ಸಲಹೆಯಿತ್ತರು. ಕ್ರಮೇಣ ತಂದೆಯವರು ಸಂಗೀತ ಕೇಳುವುದನ್ನೇ ಬಿಟ್ಟರು. ಮನೆಯವರೆಲ್ಲ ಅವರೊಡನೆ ಗಟ್ಟಿಯಾಗಿ ಮಾತನಾಡುವುದನ್ನು ರೂಢಿಮಾಡಿಕೊಂಡೆವು.

ಕಳೆದ ವರ್ಷ ನಮ್ಮ ತಂಗಿಯ ಮದುವೆ ನಡೆಯಿತು. ನಂಟರಿಷ್ಟರಿಗಾಗಿ ನಡುಮನೆಯಲ್ಲಿ ಸಾಲಾಗಿ ಹಾಸಿಗೆಗಳನ್ನು ಹಾಸಿದ್ದೆವು. ರಾತ್ರಿ ಊಟವಾದ ಮೇಲೆ ಏಳೆಂಟು ಮಂದಿ ಅವುಗಳ ಮೇಲೆ ಕುಳಿತು ಹರಟುತ್ತಿದ್ದಾಗ ಯಾರೋ ಹಳೆಯ ಕಚೇರಿಯೊಂದನ್ನು ಹಾಕಿದರು. ತಂದೆಯವರು ಸ್ವಲ್ಪ ಹೊತ್ತು ಆಲಿಸಿ ನಮ್ಮ ಕಡೆಗೆ ತಿರುಗಿ, “ಈಹೊತ್ತು ಸಾಹಿತ್ಯ ಬಿಡಿಬಿಡಿಯಾಗಿ ಕೇಳುತ್ತಿದೆಯಲ್ಲ, ಏನು ಮಾಡಿದೆ?” ಎಂದು ಕೇಳಿದರು. ನಾವು ಏನನ್ನೂ ಮಾಡಿರಲಿಲ್ಲ. ಮೂರನೆಯ ದಿನ ನೆಂಟರು ಹೊರಟುಹೋದರು, ಹಾಸಿಗೆಗಳು ಅಟ್ಟಕ್ಕೇರಿದುವು, ಸಾಹಿತ್ಯವೂ ಅವುಗಳೊಡನೆ ಮಾಯವಾಯಿತು. ಕಾಲೇಜಿನಲ್ಲಿ ವರ್ಷ ವರ್ಷವೂ ಧ್ವನಿಶಾಸ್ತ್ರದ ಪಾಠ ಹೇಳುವ ನಮಗೆ, ದೋಷವು ಕಿವಿಯದೂ ಅಲ್ಲ, ಉಪಕರಣದ್ದೂ ಅಲ್ಲ, ಕೋಣೆಯದು ಎಂಬುದು ತಿಳಿಯಲು ಎರಡು ವರ್ಷಗಳೂ ಒಂದು ಮದುವೆಯೂ ಬೇಕಾದುವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ.

ಹಾಸಿಗೆಯಿಂದ ಧ್ವನಿ ತಿಳಿಯಾದ ಸಂಗತಿ ವಿಜ್ಞಾನದ ಚರಿತ್ರೆಯಲ್ಲಿ ಹೊಸದಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಫಾಗ್ ಕಲಾಸಂಗ್ರಹಾಲಯವೆಂಬ ಹೊಸ ಕಟ್ಟಡವಾದಾಗ ಅದರ ಉಪನ್ಯಾಸಮಂದಿರದಲ್ಲಿ ಆಡಿದ ಮಾತು ಕೇಳುವವರಿಗೆ ಅರ್ಥವೇ ಆಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ 1895ರಲ್ಲಿ ವಾಲೇಸ್ ಸೇಬಿನ್ ಎಂಬ 27 ವರ್ಷದ ಭೌತಶಾಸ್ತ್ರದ ಅಧ್ಯಾಪಕನ ಪಾಲಿಗೆ ಬಂದಿತು. ಸೆಕೆಂಡಿಗೆ 512 ಕಂಪನಗಳುಳ್ಳ ಆರ್ಗನ್ ಕೊಳವೆಯೊಂದು, ಒಂದು ಕಾಲಮಾಪಕ, ತನ್ನ ಎರಡು ಕಿವಿಗಳು: ಇವಿಷ್ಟೇ ಅವನ ಸಲಕರಣೆಗಳು. ಕೊಳವೆಯನ್ನು ನುಡಿಸಿ ನಿಲ್ಲಿಸಿದ ಮೇಲೆ ಬರಿದಾದ ಆ ಮಂದಿರದಲ್ಲಿ ಧ್ವನಿಯು ಐದೂವರೆ ಸೆಕೆಂಡುಗಳ ಕಾಲ ಉಳಿದಿರುತ್ತಿತ್ತು. ಆಡಿದ ಒಂದು ಅಕ್ಷರ ಸಾಯುವುದರೊಳಗೆ ಅದರ ಹಿಂದೆ ಹನ್ನೆರಡು ಹದಿನೈದು ಅಕ್ಷರಗಳು ಹುಟ್ಟಿ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುತ್ತಿದ್ದುವು. ಸೇಬಿನನು ನೆರೆಯ ಸ್ಯಾಂಡರ್ಸ್ ನಾಟಕಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತಿನಲ್ಲಿ ಹೊರಿಸಿ ತಂದು, ಒಂದೊಂದು ಸಾಲು ಮೆತ್ತೆ ಹಾಸಿದಂತೆಲ್ಲ ಧ್ವನಿ ಉಳಿಯುವ ಕಾಲ ಎಷ್ಟೆಷ್ಟು ಕುಗ್ಗುವುದೆಂಬುದನ್ನು ಅಳೆದನು. ಊರು ಮಲಗಿ ಬೀದಿ ನಿಶ್ಶಬ್ದವಾದ ಮೇಲಷ್ಟೇ ಈ ಪ್ರಯೋಗ ಸಾಧ್ಯವಾಗುತ್ತಿತ್ತು.

ಮೂಲಧ್ವನಿ ನಿಂತ ಮೇಲೆಯೂ ಗೋಡೆಯಿಂದ ಗೋಡೆಗೆ ಪುಟಿಯುತ್ತ ಉಳಿದಿರುವ ಈ ಧ್ವನಿಗೆ ಅನುರಣನವೆಂದು ಹೆಸರು. ಧ್ವನಿಯ ತೀವ್ರತೆ ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯಲು ಹಿಡಿಯುವ ಕಾಲವೇ ಅನುರಣನಕಾಲ. ಸೇಬಿನ್ ಕಂಡುಕೊಂಡ ನಿಯಮವು ಬಹು ಸರಳವಾದುದು. ಕೋಣೆಯ ಗಾತ್ರವನ್ನು ಘನಮೀಟರುಗಳಲ್ಲಿ ಅಳೆದು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ. ಹೀರಿಕೆಯ ಮಾನವೆಂದರೆ ತೆರೆದ ಕಿಟಕಿ. ಅದರ ಮೇಲೆ ಬಿದ್ದ ಧ್ವನಿ ಹೊರಗೆ ಹೋಗುವುದೇ ಹೊರತು ಹಿಂದಿರುಗುವುದಿಲ್ಲ. ಆದುದರಿಂದ ಒಂದು ಚದರ ಮೀಟರು ತೆರೆದ ಕಿಟಕಿಯ ಹೀರಿಕೆ ಒಂದು. ಈ ನಿಯಮವನ್ನು ಆಧಾರವಾಗಿಟ್ಟುಕೊಂಡು ಕಟ್ಟಿದ ಬಾಸ್ಟನ್ ನಗರದ ಸಿಂಫನಿ ಮಂದಿರವು 1900ರಲ್ಲಿ ತೆರೆಯಿತು. ಇಂದಿಗೂ ಅದನ್ನು ಜಗತ್ತಿನ ಅತ್ಯುತ್ತಮ ಸಂಗೀತಮಂದಿರಗಳಲ್ಲಿ ಒಂದೆಂದು ಎಣಿಸುತ್ತಾರೆ.

ನಮ್ಮ ನಡುಮನೆಯ ಉದ್ದ 4.7 ಮೀಟರು, ಅಗಲ 3.6, ಎತ್ತರ 3. ಗಾತ್ರ ಸುಮಾರು 51 ಘನಮೀಟರು. ಗೋಡೆ, ನೆಲ, ಛಾವಣಿಗಳೆಲ್ಲ ಸೇರಿ 84 ಚದರ ಮೀಟರಿನ ಮೇಲ್ಮೈ. ಸಿಮೆಂಟಿನ ಗಾರೆಯೂ ನುಣುಪು ಹಾಸುಬಿಲ್ಲೆಯೂ ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಎರಡು ಮೂರು ಪಾಲನ್ನು ಹೀರಿದರೆ ಹೆಚ್ಚು. ಈ ಲೆಕ್ಕದಲ್ಲಿ ಬರಿಯ ಕೋಣೆಯ ಒಟ್ಟು ಹೀರಿಕೆ ಎರಡೂವರೆ, ಅನುರಣನಕಾಲ ಮೂರು ಸೆಕೆಂಡಿಗೂ ಮಿಕ್ಕುದು. ನಾಲ್ಕು ಬೆತ್ತದ ಕುರ್ಚಿ, ತೆಳುವಾದ ಪರದೆಗಳು ಸೇರಿ ಹೀರಿಕೆ ನಾಲ್ಕಾದೀತು, ಕಾಲ ಎರಡು ಸೆಕೆಂಡಿಗೆ ಇಳಿದೀತು. ಮನೆಯಲ್ಲಿ ಸಂಗೀತ ಕೇಳಲು ಅರ್ಧ ಸೆಕೆಂಡಿನ ಆಸುಪಾಸಿನ ಅನುರಣನ ಹಿತವಾದುದು. ಇನ್ನು ಮದುವೆಯ ರಾತ್ರಿಯ ಲೆಕ್ಕ ನೋಡಿ. ಕುಳಿತ ಮನುಷ್ಯನೊಬ್ಬ ಹೆಚ್ಚು ಕಡಮೆ ಅರ್ಧ ಚದರ ಮೀಟರು ತೆರೆದ ಕಿಟಕಿಗೆ ಸಮಾನ. ಹತ್ತಿಯ ಹಾಸಿಗೆಯೊಂದನ್ನು ಸುಮಾರು ಒಂದು ಚದರ ಮೀಟರೆಂದು ಹಿಡಿಯಬಹುದು. ಎಂಟು ಮಂದಿ, ಆರು ಹಾಸಿಗೆ: ಹೀರಿಕೆ ನಾಲ್ಕರಿಂದ ಹದಿನಾಲ್ಕಕ್ಕೇರಿತು, ಅನುರಣನಕಾಲ 0.6 ಸೆಕೆಂಡಿಗೆ ಬಿದ್ದಿತು. ವಯಸ್ಸಾದ ಕಿವಿಗಳಿಗೆ ವ್ಯಂಜನಗಳ ನಸುಧ್ವನಿಯೇ ಕಷ್ಟ. ಅದರ ಮೇಲೆ ಹಿಂದಿನ ಅಕ್ಷರದ ಬಾಲವೂ ಬಂದು ಬಿದ್ದರೆ ಮಾತು ಮುಳುಗಿಯೇ ಹೋಗುತ್ತದೆ. ತಂದೆಯವರ ಕಿವಿ ಕೆಟ್ಟಿರಲಿಲ್ಲ. ಎಳೆಯ ಕಿವಿಗಳು ಸಹಿಸಿಕೊಂಡಿದ್ದ ಗದ್ದಲವನ್ನು ಅದು ಸಹಿಸಲಿಲ್ಲ, ಅಷ್ಟೇ.

ಸಾಹಿತ್ಯದ ತೊಡಕಿಗೆ ಕಾರಣ ಹೀಗೆ ಸಿಕ್ಕಿತು. ಆದರೆ ‘ಗುಂಯ್’ ಎಂಬುದಕ್ಕೆ ಇಷ್ಟು ಸಾಲದು. ಮದುವೆಯ ರಾತ್ರಿಯಲ್ಲಿಯೂ ತಂಬೂರಿಯ ನಾದ ಅತಿಯಾಗಿಯೇ ಮೊರೆಯುತ್ತಿತ್ತು. ಇದನ್ನು ಅರಿಯಲು ನಮ್ಮ ವಿದ್ಯಾರ್ಥಿಗಳು ಪ್ರಯೋಗಾಲಯದ ಕೊಳವೆಗಳನ್ನು ನೆನೆಸಿಕೊಳ್ಳಬೇಕು.

ಎರಡು ತುದಿಗಳನ್ನೂ ಮುಚ್ಚಿದ ಕೊಳವೆಯಲ್ಲಿ, ಅದರ ಉದ್ದವು ಅರ್ಧ ತರಂಗದೂರಕ್ಕೆ ಅಥವಾ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟಕ್ಕೆ ಸಮನಾದಾಗ, ಹೋಗುವ ಅಲೆಯೂ ಬರುವ ಅಲೆಯೂ ಕೂಡಿ ಸ್ಥಾಯೀ ತರಂಗವಾಗುತ್ತದೆ. ಆಗ ಕೆಲವು ಸ್ಥಾನಗಳಲ್ಲಿ ಒತ್ತಡದ ಏರಿಳಿತ ಅತ್ಯಧಿಕ, ಕೆಲವು ಸ್ಥಾನಗಳಲ್ಲಿ ಸೊನ್ನೆ. ಎದುರುಬದುರಾದ ಎರಡು ಗೋಡೆಗಳು ಇಂಥ ಕೊಳವೆಯ ಎರಡು ತುದಿಗಳೇ ಸರಿ. ಸಾಮಾನ್ಯ ಬೆಚ್ಚಗಿನ ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ 345 ಮೀಟರು. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಎಂದರೆ 9.4ರಿಂದ ಭಾಗಿಸಿದರೆ 36.7 ಬರುತ್ತದೆ. ನಮ್ಮ ಕೋಣೆ ಉದ್ದದ ದಿಕ್ಕಿನಲ್ಲಿ ಮಿಡಿಯುವ ಆವೃತ್ತಿಗಳು ಸೆಕೆಂಡಿಗೆ 36.7, 73.4, 110, 147 ಹೀಗೆ ಸಾಗುತ್ತವೆ. ಅಗಲದಲ್ಲಿ 48, 96, 144, ಎತ್ತರದಲ್ಲಿ 57.5, 115. ಮೂಲೆಯಿಂದ ಮೂಲೆಗೆ ಸುತ್ತಿಬರುವ ತರಂಗಗಳು ಬೇರೆ ಇವೆ. ಅವು ಇವುಗಳಷ್ಟು ಬಲವಾದುವಲ್ಲ. ಉದ್ದ ಅಗಲಗಳೆರಡೂ ಸಮನಾದ ಚೌಕ ಕೋಣೆಯಲ್ಲಿ ಎರಡು ಸಾಲುಗಳೂ ಒಂದೇ ಆವೃತ್ತಿಗಳ ಮೇಲೆ ಬಿದ್ದು ಅವಸ್ಥೆ ಇನ್ನಷ್ಟು ಕೆಡುತ್ತದೆ.

ನಮ್ಮ ತಂದೆಯವರಿಗೆ ಪ್ರಿಯರಾದ ವಿದ್ವಾಂಸರ ಶ್ರುತಿ ಎರಡು ಮನೆ, ಎಂದರೆ ಹಾರ್ಮೋನಿಯಂನ ಎರಡನೆಯ ಬಿಳಿಯ ಮನೆ. ಆ ಷಡ್ಜದ ಆವೃತ್ತಿ 147. ತಂಬೂರಿಯ ಮಂದ್ರ ಷಡ್ಜದ್ದು ಅದರ ಅರ್ಧ, 73.4. ವಾಚಕರು ಮೇಲಿನ ಸಾಲನ್ನು ಮತ್ತೊಮ್ಮೆ ನೋಡಬೇಕು. ನಮ್ಮ ಮೇಸ್ತ್ರಿ ತನಗೆ ಅರಿವಿಲ್ಲದಂತೆಯೇ ಎರಡು ಮನೆಯ ಶ್ರುತಿಗೆ ಸೇರಿಸಿದ ಕೋಣೆಯನ್ನು ಕಟ್ಟಿದ್ದನು! ಹಾಡುಗಾರರು ಷಡ್ಜದಲ್ಲಿ ನಿಂತಾಗಲೆಲ್ಲ ಕೋಣೆಯೂ ಕೂಡ ಹಾಡುತ್ತಿತ್ತು. ಅವರು ಬೇರೆ ಸ್ವರಕ್ಕೆ ಸರಿದರೂ ಅದು ನಿಲ್ಲಿಸುತ್ತಿರಲಿಲ್ಲ. ಮೃದಂಗದ ಎಡಮುಖದ ಹೊಡೆತಗಳಿಗೂ ಇದೇ ಗತಿ. ಪಾಶ್ಚಾತ್ಯ ದೇಶಗಳ ಪುಸ್ತಕಗಳಲ್ಲಿ ಈ ತೊಂದರೆಯನ್ನು ಇಷ್ಟು ದೊಡ್ಡದಾಗಿ ವರ್ಣಿಸಿರುವುದಿಲ್ಲ. ಅಲ್ಲಿನ ಅನೇಕ ಮನೆಗಳಲ್ಲಿ ಹಲಗೆಯ ನೆಲ, ತೆಳುಹಲಗೆಯ ಗೋಡೆಗಳು ತಾವೇ ಅಲುಗಿ ತಗ್ಗುಸ್ವರಗಳ ಶಕ್ತಿಯನ್ನು ಸ್ವಲ್ಪ ನುಂಗಿಬಿಡುತ್ತವೆ. ನಮ್ಮ ಇಟ್ಟಿಗೆ ಕಾಂಕ್ರೀಟುಗಳು ಅಲುಗುವುದಿಲ್ಲ, ಕೊಟ್ಟುದನ್ನೆಲ್ಲ ಹಿಂದಕ್ಕೆ ಕೊಡುತ್ತವೆ. ಹಳೆಯ ಮನೆಯ ಹೆಂಚಿನ ಮಾಡಾದರೋ ಸಂದುಗೊಂದುಗಳಿಂದ ತುಂಬಿತ್ತು. ಅಲ್ಲಿ ಧ್ವನಿಯು ಮಳೆಯ ನೀರಿನ ವಿರುದ್ಧ ದಿಕ್ಕಿನಲ್ಲಿ ಸೋರಿಹೋಗುತ್ತಿತ್ತೆಂದು ಹೇಳಬಹುದು.

ಗೋಡೆಯ ಬುಡದಲ್ಲಿ ಎಲ್ಲ ಸ್ಥಾಯೀ ತರಂಗಗಳ ಒತ್ತಡವೂ ಗರಿಷ್ಠವಾಗಿರುತ್ತದೆ. ತಂದೆಯವರ ಕುರ್ಚಿಯನ್ನು ನಾವು ಹಾಕಿದ್ದುದು ಅಲ್ಲಿಯೇ. ಹಾಗಾದರೆ ಕೋಣೆಯ ನಟ್ಟನಡುವೆ ಹಾಕಿದರೆ? ಅಲ್ಲಿ ಮೊದಲನೆಯ ಮತ್ತು ಮೂರನೆಯ ತರಂಗಗಳಿಗೆ ಸೊನ್ನೆ, ಎರಡನೆಯ ಮತ್ತು ನಾಲ್ಕನೆಯವಕ್ಕೆ ಮತ್ತೆ ಗರಿಷ್ಠ. ನಮಗೆ ಪೀಡೆಯಾಗಿದ್ದುವು ಆ ಎರಡೇ. ಎರಡನೆಯ ತರಂಗದ ಮೌನಸ್ಥಾನವಿರುವುದು ಗೋಡೆಯಿಂದ ಉದ್ದದ ಕಾಲುಭಾಗದಲ್ಲಿ, ಎಂದರೆ 1.18 ಮೀಟರಿನಲ್ಲಿ. ನಾಲ್ಕನೆಯದರ ಮೌನಸ್ಥಾನಗಳು 0.59 ಮತ್ತು 1.76 ಮೀಟರುಗಳಲ್ಲಿವೆ. ಎರಡೂ ಕೂಡಿ ಸೊನ್ನೆಯಾಗುವ ಸ್ಥಾನವೆಂಬುದು ಇಲ್ಲವೇ ಇಲ್ಲ. ನಾವು ಕುರ್ಚಿಯನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ಸರಿಸುತ್ತ, ಕೊನೆಗೆ 1.5 ಮೀಟರಿನಲ್ಲಿ ನಿಂತೆವು. ಅಲ್ಲಿ ಎರಡನೆಯ ತರಂಗದ ಒತ್ತಡ ಗೋಡೆಯ ಬಳಿ ಇದ್ದುದರಲ್ಲಿ ನೂರಕ್ಕೆ 42 ಪಾಲು, ನಾಲ್ಕನೆಯದರದು 65. ಒಂದು ಕಾಸಿನ ಖರ್ಚೂ ಇಲ್ಲದೆ ದೊರೆತ ಲಾಭ ಇದು.

ಈ ಪ್ರಯೋಗವನ್ನು ಯಾವ ವಿದ್ಯಾರ್ಥಿಯಾದರೂ ತನ್ನ ಮನೆಯಲ್ಲಿ ಮಾಡಿ ನೋಡಬಹುದು. ಬೇಕಾದ ಆವೃತ್ತಿಯ ಶುದ್ಧಸ್ವರವನ್ನು ಹೊರಡಿಸುವ ತಂತ್ರಾಂಶಗಳು ಮೊಬೈಲ್ ಫೋನಿಗೆ ಉಚಿತವಾಗಿ ದೊರೆಯುತ್ತವೆ. ಫೋನಿನ ಪುಟ್ಟ ಧ್ವನಿವರ್ಧಕಕ್ಕೆ ತಗ್ಗುಸ್ವರಗಳನ್ನು ಹೊರಡಿಸುವ ಶಕ್ತಿಯಿಲ್ಲವಾದುದರಿಂದ ಅದನ್ನು ಮನೆಯ ಸ್ಟೀರಿಯೋಗೆ ಜೋಡಿಸಬೇಕು. ಕೋಣೆಯ ಉದ್ದವನ್ನು ಅಳೆದು, ಎರಡನೆಯ ತರಂಗದ ಆವೃತ್ತಿಯನ್ನು ಲೆಕ್ಕಹಾಕಿ, ಆ ಸ್ವರವನ್ನು ಮೆಲ್ಲಗೆ ನುಡಿಸಿ, ಗೋಡೆಯಿಂದ ಗೋಡೆಗೆ ನಡೆದು ನೋಡಿ. ಒಂದೆಡೆ ಎದೆಗೆ ತಾಗುವಂತೆ ಮೊರೆಯುವ ಸ್ವರ, ನಾಲ್ಕು ಹೆಜ್ಜೆ ಆಚೆಗೆ ನಿಂತೇಹೋಯಿತೇ ಎಂಬಂತೆ ಅಡಗುತ್ತದೆ. ನಮ್ಮ ಮನೆಯಲ್ಲಿ ಇದನ್ನು ಮಾಡಿದಾಗ ಮಕ್ಕಳು ‘ಧ್ವನಿಯ ಗುಂಡಿ’ಯನ್ನು ಹುಡುಕುತ್ತ ಅರ್ಧ ಗಂಟೆ ಓಡಾಡಿದರು.

ಕೇಳುವ ಕಿವಿಗೆ ಹೇಳಿದುದೆಲ್ಲ ನುಡಿಯುವ ಧ್ವನಿವರ್ಧಕಕ್ಕೂ ಸಲ್ಲುತ್ತದೆ. ಒತ್ತಡ ಗರಿಷ್ಠವಾಗುವ ಸ್ಥಾನದಲ್ಲಿ ಧ್ವನಿವರ್ಧಕವಿದ್ದರೆ ಆ ತರಂಗ ಬಲವಾಗಿ ಏಳುತ್ತದೆ, ಮೌನಸ್ಥಾನದಲ್ಲಿದ್ದರೆ ಏಳುವುದೇ ಇಲ್ಲ. ಎರಡು ಗೋಡೆಗಳೂ ಛಾವಣಿಯೂ ಕೂಡುವ ಮೂಲೆಯೆಂಬುದು ಮೂರು ದಿಕ್ಕಿನ ಎಲ್ಲ ತರಂಗಗಳಿಗೂ ಗರಿಷ್ಠಸ್ಥಾನ. ಸಜ್ಜದ ಮೇಲಿನ ಮೂಲೆಗಳಿಗಿಂತ ಕೆಟ್ಟ ಸ್ಥಳವನ್ನು ನಾವು ಹುಡುಕಿದರೂ ಕಾಣುತ್ತಿರಲಿಲ್ಲ. ಅವುಗಳನ್ನು ಕೆಳಗಿಳಿಸಿ, ಕುಳಿತವರ ಕಿವಿಯ ಮಟ್ಟಕ್ಕೆ ಬರುವಂತೆ ಎರಡು ಗಟ್ಟಿ ಪೀಠಗಳ ಮೇಲಿಟ್ಟು, ಹಿಂದಿನ ಗೋಡೆಯಿಂದ 60 ಸೆಂಟಿಮೀಟರು ಮುಂದಕ್ಕೆ ತಂದೆವು. 147ರ ಮೌನಸ್ಥಾನ ಅಲ್ಲಿಯೇ ಇರುವುದನ್ನು ವಾಚಕರು ಗಮನಿಸಿರಬಹುದು. ಪಕ್ಕದ ಗೋಡೆಗಳಿಂದ 70 ಸೆಂಟಿಮೀಟರು ಬಿಟ್ಟೆವು. ಹಿಂದಿನ ದೂರ, ಪಕ್ಕದ ದೂರ, ನೆಲದಿಂದ ಎತ್ತರ ಇವು ಮೂರೂ ಒಂದೇ ಆಗಬಾರದು. ಗೋಡೆಗೆ ಬಡಿದು ಹಿಂದಿರುಗುವ ಅಲೆಯು, ಗೋಡೆಯ ದೂರ ಕಾಲು ತರಂಗದೂರವಾಗುವ ಆವೃತ್ತಿಯಲ್ಲಿ, ನೇರವಾಗಿ ಬರುವ ಅಲೆಯನ್ನು ಅಳಿಸುತ್ತದೆ. ಮೂರು ದೂರಗಳೂ ಸಮನಾದರೆ ಮೂರು ಅಳಿಸುವಿಕೆಗಳೂ ಒಂದೇ ಸ್ವರದ ಮೇಲೆ ಬೀಳುತ್ತವೆ.

ಇನ್ನು ಸ್ಟೀರಿಯೋ ಎಂಬುದರ ವಿಚಾರ. ಧ್ವನಿ ಯಾವ ಕಡೆಯಿಂದ ಬಂದಿತೆಂಬುದನ್ನು ಎರಡು ಕಿವಿಗಳಿಗೆ ಅದು ತಲಪುವ ಕಾಲದ ಅಂತರದಿಂದಲೂ ಬಲದ ಅಂತರದಿಂದಲೂ ನಾವು ಅರಿಯುತ್ತೇವೆ. ಒಂದು ಕಿವಿಯಿಂದ ಇನ್ನೊಂದಕ್ಕೆ ಆಗುವ ಅಂತರ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲಿ ಮುಕ್ಕಾಲು ಪಾಲಿಗಿಂತ ಕಡಮೆ. ಎರಡು ಧ್ವನಿವರ್ಧಕಗಳಿಂದ ಈ ಭ್ರಮೆಯನ್ನು ಹುಟ್ಟಿಸುವ ಉಪಾಯವನ್ನು ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ 1931ರಲ್ಲಿಯೇ ಪೇಟೆಂಟಿಗೆ ಸಲ್ಲಿಸಿದ್ದನು. ಆದರೆ ಸ್ಟೀರಿಯೋ ಗ್ರಾಮಫೋನ್ ತಟ್ಟೆಗಳು ಮಾರುಕಟ್ಟೆಯಲ್ಲಿ ನೆಲೆಗೊಂಡುದು 1958ರ ಹೊತ್ತಿಗೆ. ಎರಡು ಧ್ವನಿವರ್ಧಕಗಳೂ ಕೇಳುವವನೂ ಸಮಬಾಹು ತ್ರಿಕೋನದ ಮೂರು ತುದಿಗಳಲ್ಲಿರಬೇಕೆಂಬುದು ಪುಸ್ತಕದ ವಿಧಿ. ನಮ್ಮ ಕೋಣೆಯಲ್ಲಿ ಬಾಗಿಲು ಅದಕ್ಕೆ ಒಪ್ಪಲಿಲ್ಲ. ಧ್ವನಿವರ್ಧಕಗಳ ನಡುವಣ ದೂರ 2.2 ಮೀಟರು, ಕುರ್ಚಿಯಲ್ಲಿ ಅವು ಉಂಟುಮಾಡುವ ಕೋನ 60 ಡಿಗ್ರಿಗೆ ಬದಲಾಗಿ 46. ಇಷ್ಟಕ್ಕೆ ತೃಪ್ತರಾದೆವು. ಕುರ್ಚಿ ಮಾತ್ರ ಎರಡಕ್ಕೂ ಸಮದೂರದಲ್ಲಿರಬೇಕು. ಒಂದು ಮೊಳ ಬದಿಗೆ ಸರಿದರೆ ಸಾಕು, ಒಂದರ ಧ್ವನಿ ಇನ್ನೊಂದಕ್ಕಿಂತ ಸೆಕೆಂಡಿನ ಸಾವಿರದಲ್ಲೊಂದು ಪಾಲು ಮೊದಲೇ ತಲಪಿ, ಕಚೇರಿಯೆಲ್ಲ ಆ ಪೆಟ್ಟಿಗೆಯೊಳಗೆ ಹೋಗಿ ಕುಳಿತುಕೊಳ್ಳುತ್ತದೆ. ಇದನ್ನು ಪರೀಕ್ಷಿಸಲು ಹಳೆಯ ಕಾಲದ ಒಂಟಿ ಮುದ್ರಣಗಳೇ ಉತ್ತಮ. ಎರಡು ಪೆಟ್ಟಿಗೆಗಳಲ್ಲಿಯೂ ಒಂದೇ ಧ್ವನಿ ಬರುವುದರಿಂದ ಹಾಡುಗಾರರು ಬರಿದಾದ ನಡುಜಾಗದಲ್ಲಿ, ಒಂದೇ ಬಿಂದುವಿನಲ್ಲಿ ಕುಳಿತಂತೆ ಕೇಳಬೇಕು. ಹಾಗೆ ಕೇಳದಿದ್ದರೆ ಎಲ್ಲಿಯೋ ಅಳತೆ ತಪ್ಪಿದೆ.

ಅಳತೆ ಸರಿಯಿದ್ದರೂ ನಮ್ಮ ಹಾಡುಗಾರರು ಮೊದಮೊದಲು ನಡುವೆ ನಿಲ್ಲಲಿಲ್ಲ, ಅಗಲವಾಗಿ ಮಸುಕಾಗಿ ಹರಡಿಕೊಂಡರು. ಇದಕ್ಕೆ ಕಾರಣ ಪಕ್ಕದ ಗೋಡೆಗಳು. ಅವುಗಳಿಗೆ ಬಡಿದು ಬರುವ ಧ್ವನಿ ನೇರ ಧ್ವನಿಗಿಂತ 78 ಸೆಂಟಿಮೀಟರು ಹೆಚ್ಚು ದಾರಿ ನಡೆದು, ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿಗೆ ಸ್ವಲ್ಪ ಮಿಕ್ಕಷ್ಟು ತಡವಾಗಿ, ಮುಕ್ಕಾಲುಮಟ್ಟಿನ ಬಲದೊಡನೆ ಬರುತ್ತದೆ. ವಿಜಯಪುರದ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಅಲ್ಲಿ ಎದುರುಗೋಡೆಗೆ ಹೋಗಿಬರಲು ಧ್ವನಿಗೆ ಸೆಕೆಂಡಿನ ಐದನೆಯ ಒಂದು ಭಾಗಕ್ಕೂ ಹೆಚ್ಚು ಕಾಲ ಬೇಕಾಗುವುದರಿಂದ ಮಾರ್ದನಿ ಬೇರೆಯಾಗಿಯೇ ಕೇಳುತ್ತದೆ. ಮನೆಯ ಮಾರ್ದನಿ ಹಾಗೆ ಬೇರ್ಪಡುವುದಿಲ್ಲ. 1949ರಲ್ಲಿ ಜರ್ಮನಿಯ ಗಟಿಂಗೆನ್ನಿನಲ್ಲಿ ಹೆಲ್ಮುಟ್ ಹಾಸ್ ನಡೆಸಿದ ಪ್ರಯೋಗಗಳಿಂದ ತಿಳಿದುಬಂದಂತೆ, ಸೆಕೆಂಡಿನ ಸಾವಿರದಲ್ಲಿ ಮೂವತ್ತು ಪಾಲಿನೊಳಗೆ ಬಂದ ಮರುಧ್ವನಿಯನ್ನು ಕಿವಿಯು ಮೊದಲ ಧ್ವನಿಯೊಡನೆ ಬೆಸೆದುಬಿಡುತ್ತದೆ. ಮಾರ್ದನಿ ಕೇಳಿಸದು; ಆದರೆ ಬೆಸೆದ ಧ್ವನಿಯ ಬಣ್ಣವೂ ಅಗಲವೂ ಮಾರ್ಪಡುತ್ತವೆ.

ಗೋಡೆಯ ಯಾವ ಭಾಗದಿಂದ ಈ ಧ್ವನಿ ಬರುತ್ತದೆಂದು ಕಂಡುಕೊಳ್ಳಲು ಕನ್ನಡಿಯೊಂದು ಸಾಕು. ಒಬ್ಬರು ಕುರ್ಚಿಯಲ್ಲಿ ಕುಳಿತಿರಲಿ, ಇನ್ನೊಬ್ಬರು ಕನ್ನಡಿಯನ್ನು ಗೋಡೆಗೊತ್ತಿ ಸರಿಸುತ್ತ ಹೋಗಲಿ. ಕುಳಿತವರಿಗೆ ಕನ್ನಡಿಯಲ್ಲಿ ಧ್ವನಿವರ್ಧಕ ಎಲ್ಲಿ ಕಾಣುವುದೋ ಅದೇ ಆ ಸ್ಥಳ; ಬೆಳಕಿಗೂ ಧ್ವನಿಗೂ ಪ್ರತಿಫಲನದ ನಿಯಮ ಒಂದೇ. ಅಲ್ಲಿ ನಾವು ಎರಡೂ ಕಡೆ ಕುರಿಯ ಕಂಬಳಿಗಳನ್ನು ತೂಗಹಾಕಿದೆವು. ಗೋಡೆಗೆ ಅಂಟಿಸಿದ ಕಂಬಳಿ ಹೆಚ್ಚು ಕೆಲಸಕ್ಕೆ ಬಾರದು. ಗೋಡೆಯ ಮೈಯಲ್ಲಿ ಗಾಳಿ ಅಲುಗುವುದೇ ಇಲ್ಲ. ಅಲುಗದ ಗಾಳಿಯನ್ನು ಉಣ್ಣೆಯ ಎಳೆಗಳು ತಡೆಯುವುದೆಂತು? ಗಾಳಿಯ ಚಲನೆ ಅತ್ಯಧಿಕವಾಗುವುದು ಗೋಡೆಯಿಂದ ಕಾಲು ತರಂಗದೂರದಲ್ಲಿ. ಆವೃತ್ತಿ ಸಾವಿರವಾದರೆ ಇದು 9 ಸೆಂಟಿಮೀಟರು. ಆದುದರಿಂದ ಕಂಬಳಿಯನ್ನು ಗೋಡೆಯಿಂದ ಒಂದು ಗೇಣಿನ ಅರ್ಧದಷ್ಟು ಈಚೆಗೆ ತೂಗಹಾಕಬೇಕು. ಆವೃತ್ತಿ ನೂರಾದರೆ ಆ ದೂರ 86 ಸೆಂಟಿಮೀಟರು! ತಗ್ಗುಸ್ವರಗಳನ್ನು ಕಂಬಳಿ ಜಮಖಾನೆಗಳಿಂದ ಪಳಗಿಸಹೊರಟವರು ನಿರಾಶರಾಗುವುದು ಇದರಿಂದಲೇ. ಅದಕ್ಕೆ ದಪ್ಪನಾದ ವಸ್ತು ಬೇಕು. ನಾವು ಅಟ್ಟದಿಂದ ಎರಡು ಹಾಸಿಗೆಗಳನ್ನು ಇಳಿಸಿ, ಸುರುಳಿ ಸುತ್ತಿ, ಕುರ್ಚಿಯ ಹಿಂದಿನ ಎರಡು ಮೂಲೆಗಳಲ್ಲಿ ನೆಟ್ಟಗೆ ನಿಲ್ಲಿಸಿದೆವು.

ನಮ್ಮ ತಾಯಿಯವರು, ಗೋಡೆಗೆ ಕಂಬಳಿ ಹೊದಿಸುವ ಮನೆಯನ್ನು ತಾವು ಎಲ್ಲಿಯೂ ಕಂಡಿಲ್ಲವೆಂದರು. ಮಾತು ನಿಜವಾದುದರಿಂದ ಒಪ್ಪಂದವೊಂದು ಏರ್ಪಟ್ಟಿತು. ಒಂದು ಕಂಬಳಿಯ ಮೇಲೆ ಇಳಕಲ್ ಸೀರೆಯೊಂದು ಪರದೆಯಾಗಿ ಬಂದಿತು. ಇನ್ನೊಂದರ ಸ್ಥಳದಲ್ಲಿ ಬಾಗಿಲಿಲ್ಲದ ಪುಸ್ತಕದ ಕಪಾಟು ನಿಂತಿತು. ಗಾತ್ರ ಬೇರೆ ಬೇರೆಯಾದ ಪುಸ್ತಕಗಳು ಧ್ವನಿಯನ್ನು ಸ್ವಲ್ಪ ಹೀರಿ, ಉಳಿದುದನ್ನು ನಾನಾ ದಿಕ್ಕಿಗೆ ಚದರಿಸುತ್ತವೆ. ಹಾಸಿಗೆಯ ಸುರುಳಿಗಳಿಗೆ ಗವಸು ಹೊಲಿಸಲಾಯಿತು. ಇವೆಲ್ಲದರೊಡನೆ ನಮ್ಮ ಲೆಕ್ಕದ ಅನುರಣನಕಾಲ 0.9 ಸೆಕೆಂಡು. ಪುಸ್ತಕ ಹೇಳುವಷ್ಟು ಕಡಮೆಯಲ್ಲ, ಆದರೆ ಮನೆಯು ಮನೆಯಾಗಿಯೇ ಉಳಿದಿದೆ.

ಇಷ್ಟೆಲ್ಲ ಕಷ್ಟವೇಕೆ, ಮೈಕ್ರೊಫೋನಿನಿಂದ ಕೋಣೆಯನ್ನು ಅಳೆದು ತಾನೇ ಸರಿಪಡಿಸಿಕೊಳ್ಳುವ ಯಂತ್ರಗಳಿವೆಯಲ್ಲ ಎಂದು ನಮ್ಮ ವಿದ್ಯಾರ್ಥಿಯೊಬ್ಬನು ಕೇಳಿದನು. ಇವೆ, ಅತಿಯಾಗಿ ಮೊರೆಯುವ ಸ್ವರವನ್ನು ತಗ್ಗಿಸಲು ಅವು ಚೆನ್ನಾಗಿ ನೆರವಾಗುತ್ತವೆ. ಆದರೆ ಅಳಿಸಿಹೋದ ಸ್ವರವನ್ನು ಅವು ತುಂಬಿಕೊಡಲಾರವು. ನೇರ ಧ್ವನಿಯನ್ನು ಎರಡರಷ್ಟು ಮಾಡಿದರೆ ಅದನ್ನು ಅಳಿಸುವ ಮರುಧ್ವನಿಯೂ ಎರಡರಷ್ಟಾಗುತ್ತದೆ. ಕುರ್ಚಿಯನ್ನು ಸರಿಸುವ ಯಂತ್ರ ಇನ್ನೂ ಬಂದಿಲ್ಲ.

ತಂದೆಯವರು ಈಗ ಸಂಜೆಯ ಹೊತ್ತು ಮತ್ತೆ ಕಚೇರಿ ಕೇಳುತ್ತಾರೆ. ಮನೆಯವರು ಅವರೊಡನೆ ಮೆಲ್ಲಗೆ ಮಾತನಾಡುವುದನ್ನು ಮರಳಿ ಕಲಿತಿದ್ದೇವೆ. ಒಂದು ಆಕ್ಷೇಪಣೆ ಮಾತ್ರ ಉಳಿದಿದೆ. ತಂಬೂರಿಯ ಪಂಚಮ ತುಸು ಹೆಚ್ಚಾಗಿ ಕೇಳುತ್ತದೆ ಎನ್ನುತ್ತಾರೆ. ಎರಡು ಮನೆಯ ಶ್ರುತಿಗೆ ಮಂದ್ರ ಪಂಚಮದ ಆವೃತ್ತಿ 110, ಅದು ನಮ್ಮ ಕೋಣೆಯ ಮೂರನೆಯ ತರಂಗ. ಗೋಡೆಯಿಂದ ಒಂದೂವರೆ ಮೀಟರೆಂದರೆ ಅದರ ಗರಿಷ್ಠಸ್ಥಾನದ ಪಕ್ಕದಲ್ಲಿಯೇ ಕುಳಿತಂತೆ. ಹಿಂದೆಯೂ ಅದು ಅಷ್ಟೇ ಇತ್ತು, ಷಡ್ಜದ ಗದ್ದಲದಲ್ಲಿ ಅಡಗಿತ್ತು. ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸೋಣವೇ ಎಂದು ಕೇಳಿದೆವು. ಪಂಚಮ ಇದ್ದರೆ ಇರಲಿ, ಕುರ್ಚಿಯನ್ನು ಇನ್ನು ಮುಟ್ಟಬೇಡ ಎಂದರು.